ಇಂಚಿಗೆ ಹನ್ನೆರಡು ಹೊಲಿಗೆ

ಅಂಚೆ ಕಚೇರಿಯ ಸಾಲಿನಲ್ಲಿ ಕೈಜಾರಿದ ಪೆನ್ನನ್ನು ಎತ್ತಿಕೊಳ್ಳಲು ಬಗ್ಗಿದೆ. ಪೆನ್ನು ಸಿಕ್ಕಿತು, ಪ್ಯಾಂಟು ಹೋಯಿತು. ಹಿಂಭಾಗದ ಹೊಲಿಗೆ ಸೊಂಟದಿಂದ ಕೆಳಗಿನವರೆಗೆ ಬಿಚ್ಚಿಕೊಂಡ ಸದ್ದು ನನ್ನ ಹಿಂದಿದ್ದ ಏಳು ಜನಕ್ಕೂ ಕೇಳಿಸಿತು. ನಕ್ಕಿದ್ದರೆ ಚೆನ್ನಾಗಿತ್ತು; ಎಲ್ಲರೂ ಒಂದೇ ಸಲ ಗೋಡೆಯ ಗಡಿಯಾರ ನೋಡತೊಡಗಿದರು. ಕೈಯಲ್ಲಿದ್ದ ಪತ್ರಿಕೆಯನ್ನು ಹಿಂದಕ್ಕೆ ಹಿಡಿದು, ಏಡಿಯಂತೆ ಅಡ್ಡಡ್ಡ ನಡೆಯುತ್ತ ಟೈಲರಕ್ಕನ ಅಂಗಡಿ ಸೇರಿದೆ.

ಅಂಗಡಿಯೆಂದರೆ ಅವಳ ಮನೆಯ ಮುಂದಿನ ಕೋಣೆ. ಕತ್ತರಿಸುವ ಮೇಜು, ನೆಲದ ತುಂಬ ಚಿಂದಿ, ಎರಡು ಹೊಲಿಗೆ ಮಷೀನು. ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ಅವಳ ಅತ್ತೆ. ಅಕ್ಕ ನನಗಿಂತ ಆರು ವರ್ಷ ಚಿಕ್ಕವಳು. ಆದರೆ ಕೈಯಲ್ಲಿ ಕತ್ತರಿ ಇರುವವರನ್ನು ನಾನು ಅಕ್ಕ ಎಂದೇ ಕರೆಯುವುದು.

"ಪ್ಯಾಂಟಿನ ಸೊಂಟ ಅಗಲ ಮಾಡಿಸ್ಕೊಳಪ್ಪಾ ಅಂತ ಹೋದ ವರ್ಷವೇ ಹೇಳಿದ್ದೆ," ಎಂದರು ಅತ್ತೆ. "ನಾನು ಹೇಳಿದ್ರೆ ಕೇಳಲ್ಲ. ಈಗ ಪ್ಯಾಂಟೇ ಬಾಯಿಬಿಟ್ಟು ಹೇಳ್ತು ನೋಡು."

ಯಾರೋ ಗಿರಾಕಿಯ ಕಿಟಕಿ ಪರದೆಯನ್ನು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತೆ. ಪ್ಯಾಂಟು ಅಕ್ಕನ ಕೈಯಲ್ಲಿತ್ತು. ಹಾಗಾಗಿ ಎದ್ದು ಹೋಗುವ ದಾರಿ ನನಗಿರಲಿಲ್ಲ. ಇದನ್ನು ಚೆನ್ನಾಗಿ ಅರಿತೇ ಅವಳು ಕೇಳಿದಳು.

"ಅಣ್ಣ, ಒಂದು ಸ್ಮಾರ್ಟ್‌ಫೋನ್ ತಗೋಬೇಕು. ಇವತ್ತೇ. ಎಷ್ಟರದ್ದು ತಗೊಳ್ಳಲಿ?"

ವಿಷಯ ಇಷ್ಟು. ಪಕ್ಕದ ಊರಿನ ಶಾಲೆಗೆ ನೂರಿಪ್ಪತ್ತು ಸ್ಕರ್ಟು ಬೇಕು. ಹೋದ ವರ್ಷ ಆ ಕೆಲಸ ಎದುರಿನ ಅಂಗಡಿಗೆ ಹೋಯಿತು, ಏಕೆಂದರೆ ಶಾಲೆಯವರು ಮಾದರಿಯ ಫೋಟೋ ಕೇಳಿದರು, ಅಕ್ಕನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಎದುರಿನವರು ಹೊಲಿದ ಸ್ಕರ್ಟುಗಳು ಎರಡನೇ ಒಗೆತಕ್ಕೇ ಬಿಚ್ಚಿಕೊಂಡವು. ಹಾಗಾಗಿ ಈ ಸಲ ಹೆಡ್‌ಮಿಸ್ಸು ಹುಷಾರು: ಇಂಚಿಗೆ ಹನ್ನೆರಡು ಹೊಲಿಗೆ ಇರಬೇಕು, ಅದನ್ನು ಎಣಿಸುವಷ್ಟು ಸ್ಪಷ್ಟವಾದ ಫೋಟೋ ಸಂಜೆ ಐದರೊಳಗೆ ಅವರ ಫೋನಿಗೆ ಬರಬೇಕು. ಈ ಕೆಲಸವೂ ತಪ್ಪಿದರೆ ಎರಡನೇ ಮಷೀನು ಮಾರುವುದೇ. ಎರಡನೇ ಮಷೀನೆಂದರೆ ಅತ್ತೆಯದು.

ನನ್ನ ಫೋನು ದುಬಾರಿಯದು. ಅದರಲ್ಲಿ ನನಗೆ ಬರುವುದು ಮೂರೇ ವಿದ್ಯೆ: ಮಾತಾಡುವುದು, ಟಾರ್ಚ್ ಹಾಕುವುದು, ಹಾಕಿದ ಟಾರ್ಚ್ ಆರಿಸಲು ಮಗಳನ್ನು ಕರೆಯುವುದು. ಆದರೂ ಸಲಹೆ ಕೇಳಿದವರನ್ನು ಬರಿಗೈಲಿ ಕಳಿಸುವ ಜಾಯಮಾನ ನನ್ನದಲ್ಲ.

"ಕಮ್ಮಿ ಅಂದ್ರೂ ಮೂವತ್ತು ಸಾವಿರ ಹಾಕಿ ಅಕ್ಕ. ಒಳ್ಳೇ ಪ್ರೊಸೆಸರ್ ಇರಬೇಕು."

"ಅದು ಏನು ಮಾಡುತ್ತೆ?"

"ಪ್ರೊಸೆಸ್ ಮಾಡುತ್ತೆ."

ಅಕ್ಕ ಹಲ್ಲಿನಿಂದ ದಾರ ಕಡಿದಳು. ಒಂದು ಸ್ಕರ್ಟಿಗೆ ಅವಳ ಮಜೂರಿ ನೂರೈವತ್ತು; ಲೋಕದ ಬೆಲೆಗಳನ್ನೆಲ್ಲ ಅವಳು ಅಳೆಯುವುದು ಅದರಲ್ಲೇ.

"ಇನ್ನೂರು ಸ್ಕರ್ಟು. ಇರೋ ಕೆಲಸವೇ ನೂರಿಪ್ಪತ್ತು. ಮಿಕ್ಕ ಎಂಬತ್ತು ಯಾರಿಗೆ ಹೊಲಿಯಲಿ ಅಣ್ಣ, ನಿಮಗಾ?"

"ಅವನಿಗೆ ಪರದೆಯೇ ಒಪ್ಪುತ್ತೆ ಬಿಡು," ಎಂದರು ಅತ್ತೆ. "ನೀನು ಐದು ಸಾವಿರದ ಮೇಲೆ ಒಂದು ಕಾಸೂ ಬಿಚ್ಚಬೇಡ."

ಪ್ಯಾಂಟು ಹೊಲಿದದ್ದಕ್ಕೆ ಅಕ್ಕ ಮಜೂರಿ ತಗೊಳ್ಳಲಿಲ್ಲ. ಬದಲಿಗೆ ಜೊತೆಗೆ ಬನ್ನಿ ಎಂದಳು. ನನ್ನ ತಿಳುವಳಿಕೆಗೆ ಸಿಕ್ಕ ಮರ್ಯಾದೆ ಎಂದು ಉಬ್ಬಿ ಹೊರಟೆ.

ಫೋನಂಗಡಿಯಲ್ಲಿ ಟೈ ಕಟ್ಟಿದ ಮಾರಾಟಗಾರ ನಗುನಗುತ್ತಾ ಕೇಳಿದ, "ಬಜೆಟ್ ಎಷ್ಟು ಅಕ್ಕ?"

"ಹೊಲಿಗೆ ಎಣಿಸೋಕೆ ಆಗಬೇಕು. ಎಷ್ಟಕ್ಕೆ ಆಗುತ್ತೋ ಅಷ್ಟು."

ಅವನು ನನ್ನ ಮುಖ ನೋಡಿದ. ನಾನು ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸಿದೆ. ಅವನು ಮೂವತ್ತು ಸಾವಿರದ ಫೋನನ್ನು ಮಗುವಿನಂತೆ ಎತ್ತಿ ತಂದ. "ಇದರಲ್ಲಿ ಮೂರು ಕ್ಯಾಮೆರಾ ಇದೆ."

"ಒಂದು ಗುಂಡಿಗೆ ಮೂರು ಕಾಜ ಯಾಕಪ್ಪಾ?" ಎಂದ ಅಕ್ಕ, ಐದು ಸಾವಿರದ್ದು, ಒಂಬತ್ತು ಸಾವಿರದ್ದು ಎರಡನ್ನೂ ತರಿಸಿ ಸಾಲಾಗಿ ಇಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣ, ಸ್ವಲ್ಪ ಆ ಕಡೆ ತಿರುಗಿ ನಿಲ್ಲಿ."

ನನ್ನನ್ನು ಕರೆತಂದದ್ದು ಯಾವುದಕ್ಕೆಂದು ಆಗ ತಿಳಿಯಿತು. ಬೂದು ಪ್ಯಾಂಟು, ಅದೇ ಬೂದು ದಾರ. ಕ್ಯಾಮೆರಾಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಇಲ್ಲವಂತೆ. ಆ ಅಂಗಡಿಯಲ್ಲಿ ಗಡಿಯಾರ ಇರಲಿಲ್ಲ. ಗಿರಾಕಿಗಳೆಲ್ಲ ನೇರವಾಗಿ ನನ್ನನ್ನೇ ನೋಡಿದರು.

ಐದು ಸಾವಿರದ್ದರಲ್ಲಿ ಹೊಲಿಗೆ ಮಂಜಿನಲ್ಲಿ ಮುಳುಗಿದ ರಸ್ತೆಯಂತಿತ್ತು. ಒಂಬತ್ತು ಸಾವಿರದ್ದನ್ನು ಹಿಡಿದು, ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ, ಅಕ್ಕ ಗಟ್ಟಿಯಾಗಿ ಎಣಿಸಿದಳು. "ಹತ್ತು, ಹನ್ನೊಂದು, ಹನ್ನೆರಡು." ಮೂವತ್ತು ಸಾವಿರದ್ದರಲ್ಲೂ ಎಣಿಸಿದಳು.

"ಇದರಲ್ಲೂ ಹನ್ನೆರಡೇ ಇದೆಯಲ್ಲ."

"ಅಕ್ಕ, ಅದು ಹೊಲಿಗೆ. ಫೋನ್ ಬದಲಾದ್ರೆ ಜಾಸ್ತಿ ಆಗಲ್ಲ," ಎಂದ ಮಾರಾಟಗಾರ.

"ನಾನೂ ಅದನ್ನೇ ಹೇಳಿದ್ದು. ಒಂಬತ್ತರದ್ದು ಕೊಡಿ. ಅರವತ್ತು ಸ್ಕರ್ಟು ಫೋನಿಗೆ, ಅರವತ್ತು ಮನೆಗೆ. ಮುಂದಿನ ವರ್ಷದ್ದು ಪೂರ್ತಿ ನಮ್ಮದು."

ಅವನು ಹೊಸ ಡಬ್ಬಿ ತರಲು ಹೊರಟ. ಅಕ್ಕ ತಡೆದಳು. "ಅದು ಬೇಡ. ಎಣಿಸಿ ತೋರಿಸಿದ್ದು ಇದು, ಇದನ್ನೇ ಕೊಡಿ."

ಹಳೇ ಫೋನಿನ ಸಿಮ್ ತೆಗೆದು ಇದಕ್ಕೆ ಹಾಕಿ, ಫೋಟೋ ಕಳಿಸಲು ಎಲ್ಲಿ ಒತ್ತಬೇಕೆಂದು ಅವನು ತೋರಿಸಿ ಮುಗಿಸುವಾಗ ಐದಕ್ಕೆ ನಾಲ್ಕು ನಿಮಿಷವಿತ್ತು. ಅಕ್ಕ ಒತ್ತಿದಳು. "ಹೋಯ್ತು," ಎಂದು ಉಸಿರುಬಿಟ್ಟಳು. ನಾನೂ ಬಿಟ್ಟೆ. ಅರ್ಧ ದಾರಿ ನಡೆದ ಮೇಲೆ ಹೊಳೆಯಿತು: ಆ ಫೋನಿನಲ್ಲಿ ಇದ್ದದ್ದು ಒಂದೇ ಫೋಟೋ.

ಎರಡು ದಿನ ಆ ಬೀದಿಗೆ ಕಾಲಿಡಲಿಲ್ಲ. ಮೂರನೆಯ ದಿನ ಹೋದಾಗ ಎರಡೂ ಮಷೀನು ಒಂದೇ ಸಮನೆ ಓಡುತ್ತಿದ್ದವು; ಮೇಜಿನ ಮೇಲೆ ಆಳೆತ್ತರ ನೀಲಿ ಬಟ್ಟೆ. ಅತ್ತೆ ನನ್ನನ್ನು ಕಂಡು, ಮೊದಲ ಸಲ, ಕೂತ್ಕೊಳಪ್ಪಾ ಎಂದರು. ಕೂರುವ ಧೈರ್ಯ ಬರಲಿಲ್ಲ.

"ಅಕ್ಕ," ಎಂದೆ, "ಆ ಫೋಟೋ ನೋಡಿ ಹೆಡ್‌ಮಿಸ್ಸು ಏನಾದ್ರೂ ಅಂದ್ರಾ?"

ಅಕ್ಕ ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಹೊಲಿಗೆ ಚೆನ್ನಾಗಿದೆಯಂತೆ. ಮಕ್ಕಳ ಸ್ಕರ್ಟಿಗೆ ಅಷ್ಟು ಅಗಲ ಬೇಡವಂತೆ."