ನನ್ನ ದಮ್ಮು, ಅವಳ ಶಾಲೆ

ಕೊರೋನಾ ಕಾಲದಲ್ಲಿ ನನ್ನ ಜೀವ ಉಳಿಸಲೆಂದೇ ಮೊಮ್ಮಗಳನ್ನು ಶಾಲೆಗೆ ಕಳಿಸದೆ ಇಟ್ಟುಕೊಂಡೆವು ಎಂದು ನಮ್ಮ ಮನೆಯವರು ಈಗಲೂ ಹೇಳುತ್ತಾರೆ. ಸುಳ್ಳು. ರೊಟ್ಟಿ ಬಡಿಯಲು ಇನ್ನೊಂದು ಜೋಡಿ ಕೈ ಬೇಕಿತ್ತು, ಅಷ್ಟೇ.

ಮಗ ಕೆಲಸಕ್ಕಿದ್ದ ಬಟ್ಟೆ ಅಂಗಡಿ ಮುಚ್ಚಿದಾಗ ಸೊಸೆ ಕೇಶ್ವಾಪುರದ ನಮ್ಮ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರತೊಡಗಿದಳು. ನಾವು ಉಂಡದ್ದು ಅದರಿಂದಲೇ. ಇಲ್ಲವೆನ್ನುವಷ್ಟು ಸೊಕ್ಕು ನನಗಿಲ್ಲ. ಒಂಬತ್ತನೇ ಇಯತ್ತೆಯ ಮೊಮ್ಮಗಳು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಪಾಠ ಕೇಳುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಒಮ್ಮೆ ಗಣಿತದ ಸರ್, "ಯಾರ ಮನ್ಯಾಗಪಾ ಅದು, ಧಪಧಪ ಅನ್ನಾಕತ್ತೈತಿ?" ಎಂದರು. ಹುಡುಗಿ ನಾಚಿಕೊಂಡು ಫೋನ್ ಆರಿಸಿದಳು. ಆಮೇಲೆ ಪಾಠವೂ ನಿಂತಿತು, ಧಪಧಪ ಮಾತ್ರ ನಿಲ್ಲಲಿಲ್ಲ.

ಶಾಲೆ ತೆರೆಯಿತು. ಮನೆಯವರ ಒಪ್ಪಿಗೆ ಪತ್ರ ತಂದವರಿಗಷ್ಟೇ ಪ್ರವೇಶ ಎಂದರು. ಮಗ ಸಹಿ ಹಾಕಲಿಲ್ಲ.

"ಯವ್ವಾ, ನಿನಗ ದಮ್ಮಿನ ಬ್ಯಾನಿ ಐತಿ. ಆಕಿ ಸಾಲಿಯಿಂದ ರೋಗ ತಂದ್ಲಂದ್ರ ನೀ ಉಳೀತಿಯೇನು?"

ಅಷ್ಟರಲ್ಲಿ ರೊಟ್ಟಿ ಒಯ್ಯಲು ಬಂದವನೊಬ್ಬ ಬಾಗಿಲಲ್ಲಿ ನಿಂತು, ಮಾಸ್ಕ್ ಕೆಳಗಿಳಿಸಿ, ಮನೆ ತುಂಬ ಸೀನಿದ.

"ಬರ್ರಿ ಕಾಕಾ, ಬಿಸಿ ಅದಾವು," ಎಂದಳು ಸೊಸೆ.

ಅವನು ಹೋದ ಮೇಲೆ ಮಗನನ್ನು ಕೇಳಿದೆ, "ರೋಗ ಸಾಲ್ಯಾಗ ಅಷ್ಟ ಹಾಜರಿ ಹಾಕ್ತೈತೇನೋ? ಗಿರಾಕಿ ಬೆನ್ನ ಹತ್ತಿ ಬರಂಗಿಲ್ಲೇನು?"

"ಗಿರಾಕಿ ಬಿಟ್ರ ಉಣ್ಣೂದೇನ್ರಿ ಅತ್ತಿ?" ಸೊಸೆ ಹಂಚಿನಿಂದ ಕಣ್ಣೆತ್ತಲಿಲ್ಲ. "ಆಕಿ ಸಾಲಿಗೆ ಹೋದ್ರ ಅರ್ಧಾ ರೊಟ್ಟಿ ಕಡಿಮಿ ಆಗ್ತಾವು."

"ಹಂಗ ಹೇಳು, ಅದು ಖರೇ ಮಾತು. ನನ್ನ ದಮ್ಮಿನ ಮ್ಯಾಲ್ಯಾಕ ಹಾಕ್ತೀರಿ?"

ಮಗ ಫ್ಯಾನು ನೋಡತೊಡಗಿದ. ಮೊಮ್ಮಗಳು ಮೆಲ್ಲಗೆ, "ಆಯಿ, ನಿನಗೇನರ ಆದ್ರ?" ಎಂದಳು.

"ಆದ್ರ ಆತು. ಇನ್ನೆಷ್ಟು ವರ್ಷ ನಿಮ್ಮ ಮಾರಿ ನೋಡ್ಕೋಂತ ಕೂಡ್ಲಿ?"

ಸಾಯಲು ನನಗೇನೂ ಅವಸರವಿರಲಿಲ್ಲ. ರಾತ್ರಿ ಉಸಿರು ಕಟ್ಟಿದಾಗ ನಾನೂ ಎಲ್ಲ ದೇವರನ್ನೂ ಕರೆಯುತ್ತೇನೆ. ಆದರೆ ನನ್ನಂತೆ ಎರಡನೇ ಇಯತ್ತೆಗೇ ಶಾಲೆ ಬಿಟ್ಟು ಒಲೆ ಮುಂದೆ ಕೂತವಳು ಏನು ಗಳಿಸುತ್ತಾಳೆಂಬುದೂ ನನಗೆ ಗೊತ್ತಿತ್ತು. ಸೊಂಟನೋವು.

ಮರುದಿನ ಬೆಳಿಗ್ಗೆ ಒಪ್ಪಿಗೆ ಪತ್ರದ ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು ಬರೆದು ಹುಡುಗಿಯನ್ನು ಶಾಲೆಗೆ ಅಟ್ಟಿದೆ. ಅವಳ ಮಣೆಯ ಮೇಲೆ ಕೂತು, ಸೊಸೆಯನ್ನು ಅತ್ತ ಸರಿಸಿ, ಹಿಟ್ಟು ನಾದತೊಡಗಿದೆ.