ಅಕ್ಕ ಕುಡಿಯದ ನೀರು

ಅಕ್ಕನ ತುಟಿಗಳು ವರ್ಷವಿಡೀ ಒಡೆದಿರುತ್ತಿದ್ದವು. ಸಿಂಧನೂರಿನ ಬಿಸಿಲಿಗೆ ಯಾರ ತುಟಿ ಒಡೆಯುವುದಿಲ್ಲ ಎಂದು ಮೊದಮೊದಲು ಅಂದುಕೊಂಡಿದ್ದೆ. ಆದರೆ ಮಳೆಗಾಲದಲ್ಲೂ, ಕಾಲುವೆಗೆ ನೀರು ಬಿಟ್ಟು ಸುತ್ತಲಿನ ಗದ್ದೆಗಳೆಲ್ಲ ಹಸಿರಾದಾಗಲೂ ಅವು ಹಾಗೆಯೇ ಇದ್ದವು. ಅದೇ ತುಟಿಗಳಿಂದ ಮಂಚ ಮಂಚಕ್ಕೂ ಹೋಗಿ ಹೇಳುತ್ತಿದ್ದಳು, "ನೀರು ಕುಡೀರಿ ಯವ್ವಾ, ಸಲೈನ್ ಹಚ್ಯಾರಂತ ಬಾಯಿ ಮುಚ್ಕೊಂಡು ಮಲಗಬ್ಯಾಡ್ರಿ."

ತುರ್ವಿಹಾಳದಿಂದ ಬಸ್ಸಿನಲ್ಲಿ ಬಂದು ನಾನು ಆ ಸಣ್ಣ ಖಾಸಗಿ ಆಸ್ಪತ್ರೆಗೆ ಸಿಸ್ಟರ್ ಆಗಿ ಸೇರಿದಾಗ, ಮಸ್ಕಿಯ ಈ ಅಕ್ಕ ಅಲ್ಲಿ ಎಲ್ಲರಿಗಿಂತ ಹಳಬಳು. ಮೇಲಿನ ಮಹಡಿಯಲ್ಲಿ ಎರಡು ವಾರ್ಡು, ನೋಡಿಕೊಳ್ಳಲು ನಾವಿಬ್ಬರು. ನಮಗೆಂದು ಕಟ್ಟಿಸಿದ್ದ ಪಾಯಖಾನೆಯಲ್ಲಿ ಸಲೈನ್ ಡಬ್ಬಿ ಒಟ್ಟಿ ಬೀಗ ಹಾಕಿದ್ದರು. ಆಸ್ಪತ್ರೆ ನಡೆಸುವ ಡಾಕ್ಟರನ್ನು ಕೇಳಿದರೆ, "ಜಾಗ ಎಲ್ಲೈತಿ, ನೋಡೂಣು" ಎಂಬ ಉತ್ತರ. ಹೋಗಲೇಬೇಕೆಂದರೆ ಕೆಳಗಿಳಿದು, ಹಿತ್ತಲಿನಲ್ಲಿ ರೋಗಿಗಳ ಸಾಲಿನಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಮೇಲೆ ಯಾರದೋ ಸಲೈನ್ ಮುಗಿದು ಕೊಳವೆಗೆ ರಕ್ತ ಏರಿದರೆ, "ಸಿಸ್ಟರ್ ಎಲ್ಲಿ ಹಾಳಾಗಿ ಹೋಗ್ಯಾರ?" ಎಂದು ಅವರ ಕಡೆಯವರು ರಂಪ ಮಾಡುತ್ತಿದ್ದರು. ಅವರದೂ ತಪ್ಪಲ್ಲ.

ಅಕ್ಕ ಕಂಡುಕೊಂಡ ದಾರಿಯೆಂದರೆ ಡ್ಯೂಟಿ ಮುಗಿಯುವ ತನಕ ನೀರೇ ಕುಡಿಯದಿರುವುದು. ಯಾವುದೋ ಮುದುಕಿಯ ಮಗಳು ಪ್ರೀತಿಯಿಂದ ಮಜ್ಜಿಗೆ ತಂದುಕೊಟ್ಟರೆ, "ಆಮ್ಯಾಗ ಕುಡೀತೀನ್ರೀ" ಎಂದು ಕಿಟಕಿಯಲ್ಲಿಡುವಳು. ಸಂಜೆಗೆ ಅದು ಹುಳಿಯಾಗಿ ಮೋರಿ ಸೇರುತ್ತಿತ್ತು.

ಒಮ್ಮೆ ಡ್ಯೂಟಿ ಮುಗಿಸಿ ಅವಳ ಜೊತೆ ಮಸ್ಕಿಯ ಅವಳ ಮನೆಗೆ ಹೋಗಿದ್ದೆ. ಚಪ್ಪಲಿಯನ್ನೂ ಬಿಡದೆ, ಹೊಸ್ತಿಲಲ್ಲೇ ನಿಂತು, ಒಂದು ತಂಬಿಗೆ ನೀರು ಗಟಗಟ ಕುಡಿದಳು. ನನಗೋ ನಗು. "ಸಾಕು ನಿಲ್ಲಿಸಕ್ಕಾ, ಕಾಲುವಿ ಬತ್ತೀತು" ಅಂದೆ. ಅವಳೂ ನಕ್ಕಳು. ನೆನೆದರೆ ಈಗ ನನ್ನ ಮೇಲೇ ಸಿಟ್ಟು ಬರುತ್ತದೆ.

ನಾನು ಬಸುರಿಯಾದೆ. ಅಕ್ಕ ನನ್ನ ಕೈಗೆ ನೀರಿನ ಬಾಟಲಿ ಹಿಡಿಸಿದಳು.

"ನೀ ಕುಡೀಬೇ, ಎರಡು ಜೀವ ಅದಾವು. ಕೆಳಗ ಹೋಗೂದಿದ್ರ ಹೋಗಿ ಬಾ, ಎರಡೂ ವಾರ್ಡು ನಾ ನೋಡ್ಕೋತೀನಿ."

"ಮತ್ತ ನೀನಕ್ಕಾ?"

"ನಂಗ ರೂಢಿ ಆಗೇತಿ. ಫಿಕರ್ ಮಾಡಬ್ಯಾಡ."

ನಾನು ಕುಡಿದೆ, ಹೋಗಿ ಬಂದೆ. ಮೆಟ್ಟಿಲಿಳಿಯುವಾಗ, ಅವಳು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಓಡುವ ಸಪ್ಪಳ ಹಿಂದಿನಿಂದ ಕೇಳುತ್ತಿತ್ತು.

ಒಂದು ಮಧ್ಯಾಹ್ನ ನಾನು ಮೇಲೆ ಬರುವಷ್ಟರಲ್ಲಿ, ಅಕ್ಕ ಒಬ್ಬಳಿಗೆ ಪಕ್ಕದ ಮಂಚದವಳ ಇಂಜೆಕ್ಷನ್ ಕೊಡಲು ಹೊರಟಿದ್ದಳು. "ನಂದು ಆಗೇತಲ್ರೀ ಸಿಸ್ಟರ್" ಎಂದು ಆ ಹೆಂಗಸೇ ಕೈ ಎಳೆದುಕೊಂಡಳು. ಅಕ್ಕನ ಕಣ್ಣಿಗೆ ಕತ್ತಲೆ ಬಂದಿತ್ತಂತೆ. ಸುಮ್ಮನಿದ್ದಿದ್ದರೆ ಮುಚ್ಚಿಹೋಗುತ್ತಿತ್ತು. ಅವಳು ತಾನಾಗಿ ಹೋಗಿ ಡಾಕ್ಟರಿಗೆ ಹೇಳಿದಳು. ನಾನೂ ಜೊತೆಗೆ ಹೋದೆ.

"ವಯಸ್ಸಾತು ನಿಮಗ. ವಾರ್ಡು ಸಾಕಿನ್ನ" ಎಂದರು ಅವರು.

ಬಾಯಿಬಡುಕಿ ಎಂದೇ ಹೆಸರಾದವಳು ನಾನು. ವಯಸ್ಸಲ್ಲ ಸಾಹೇಬ್ರೇ, ಮುಂಜಾನೆಯಿಂದ ಆಕೆ ಹನಿ ನೀರು ಕುಡಿದಿಲ್ಲ, ನನ್ನ ಕೆಲಸವನ್ನೂ ಆಕೆಯೇ ಮಾಡಿದ್ದಾಳೆ ಎನ್ನಲು ಬಾಯಿ ತೆರೆದೆ. ಅಕ್ಕ ಪಕ್ಕದಿಂದ ನನ್ನ ಮಣಿಕಟ್ಟು ಒತ್ತಿದಳು. ಹೇಳಿದರೆ, ಬಸುರಿಯಿಂದ ಕೆಲಸವಾಗದೆಂದು ನನ್ನನ್ನೇ ತೆಗೆದುಹಾಕುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳು ಒತ್ತಿದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಕ್ಕನನ್ನು ಕೆಳಗೆ ಚೀಟಿ ಕೊಡುವ ಕಿಟಕಿಗೆ ಕೂರಿಸಿದರು. ಅಲ್ಲಿಂದ ಹಿತ್ತಲು ಹತ್ತಿರ. ಆದರೆ ಅಷ್ಟರಲ್ಲಿ ಮೂತ್ರದ ಸೋಂಕು ಮೇಲಿಂದ ಮೇಲೆ ಬಂದು ಕಿಡ್ನಿ ಕೆಟ್ಟಿತ್ತು. ಕೆಲಸ ಬಿಟ್ಟು ಡಯಾಲಿಸಿಸ್‌ಗೆಂದು ಲಿಂಗಸುಗೂರಿಗೆ ಓಡಾಡತೊಡಗಿದಳು. ನೀರನ್ನು ಅಳೆದು ಕುಡಿಯಬೇಕಿತ್ತು. ನಾನು ಮಗಳನ್ನು ಎತ್ತಿಕೊಂಡು ನೋಡಲು ಹೋದಾಗ ಒದ್ದೆ ಬಟ್ಟೆಯಿಂದ ತುಟಿ ಒರೆಸಿಕೊಳ್ಳುತ್ತಿದ್ದಳು.

"ಈಗ ಕುಡಿಯಾಕ ಪುರುಸೊತ್ತು ಐತಿ, ಅಪ್ಪಣಿ ಇಲ್ಲ ನೋಡಬೇ" ಎಂದು ನಕ್ಕಳು. ಆಮೇಲೆ ನನ್ನ ಮಗಳ ಕೆನ್ನೆ ಮುಟ್ಟಿ, "ಇಕೀಗಿ ಚಲೋ ನೀರು ಕುಡಿಸು" ಅಂದಳು. ಅದೇ ಕೊನೆಯ ಭೇಟಿ.

ಈಗ ಆ ಮಹಡಿಗೆ ನಾನೇ ಹಿರಿಯಳು. ಪಾಯಖಾನೆಯ ಬೀಗ ಹಾಗೇ ಇದೆ. ಗೊರೇಬಾಳದಿಂದ ಬರುವ ಹೊಸ ಸಿಸ್ಟರ್‌ಗೆ, "ನೀ ಹೋಗಿ ಬಾ, ನಾ ನೋಡ್ಕೋತೀನಿ" ಅನ್ನುತ್ತೇನೆ. ಅಕ್ಕನ ಋಣ ಹೀಗಾದರೂ ಚೂರು ತೀರಲಿ ಎಂಬ ಆಸೆ. ಮೊನ್ನೆ ಆ ಹುಡುಗಿ ಕಿಟಕಿಯಲ್ಲಿದ್ದ ನನ್ನ ಬಾಟಲಿ ಎತ್ತಿ ನೋಡಿದಳು.

"ಅಕ್ಕಾ, ಮುಂಜಾನಿ ತುಂಬಿದ್ದು ಹಂಗೇ ಐತಲ್ರೀ. ನೀವು ಕುಡಿಯಂಗಿಲ್ಲೇನು?"

"ನಂಗ ರೂಢಿ ಆಗೇತಿ" ಎಂದುಬಿಟ್ಟೆ.

ಅಂದ ಮೇಲೆ, ಅದು ಅಕ್ಕನದೇ ಮಾತೆಂದು ಹೊಳೆಯಿತು. ಬಾಟಲಿ ಇಸಿದುಕೊಂಡು, ರೋಗಿಗಳೆಲ್ಲ ನೋಡುತ್ತಿದ್ದಂತೆ, ಅಷ್ಟನ್ನೂ ಕುಡಿದೆ. ನೇರ ಕೆಳಗಿಳಿದು ಡಾಕ್ಟರ ಮೇಜಿನ ಮುಂದೆ ನಿಂತು ಬೀಗದ ಕೈ ಕೇಳಿದೆ. ಮಣಿಕಟ್ಟು ಒತ್ತಲು ಈ ಸಲ ಪಕ್ಕದಲ್ಲಿ ಅಕ್ಕ ಇರಲಿಲ್ಲ.