ಖಾಲಿ ಶಿವದಾರ

ನಾರಾಯಣಖೇಡದ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ‘ಎ ಲೋಡ್ ಆಫ್ ಮೈ ಮೈಂಡ್’ ಎನ್ನುವ ನುಡಿಗಟ್ಟು ಬಂದಾಗಲೆಲ್ಲ ಬೋರ್ಡಿನ ಮೇಲೆ ಮೂಟೆ ಹೊತ್ತ ಮನುಷ್ಯನನ್ನು ಬರೆದು, ಮೂಟೆಯನ್ನಷ್ಟೇ ಡಸ್ಟರಿನಿಂದ ಒರೆಸಿಬಿಡುತ್ತೇನೆ. ಎದೆಯ ಮೇಲಿನ ಭಾರ ಇಳಿಯುವುದೆಂದರೆ ಇದೇ ಎನ್ನುತ್ತೇನೆ. ಮಕ್ಕಳು ನಗುತ್ತವೆ. ಮೇಷ್ಟ್ರ ಎದೆಯ ಮೇಲೆ ಏನು ಕೂತಿತ್ತೆಂದು ಅವಕ್ಕೇನು ಗೊತ್ತು!

ಗೆಳೆಯರೊಡನೆ ಮಂಜೀರಾ ಹೊಳೆಗೆ ಈಜಲು ಹೋದಾಗ ನನ್ನ ಕೊರಳ ಲಿಂಗ ಕಳಚಿ ನೀರುಪಾಲಾಗಿತ್ತು. ಮಠಕ್ಕೆ ಹೋಗಿ ಹೇಳಿದ್ದರೆ ಅಯ್ಯನವರು ಬೈದು ಬೇರೊಂದು ಕಟ್ಟುತ್ತಿದ್ದರು. ಆ ಬೈಗುಳಕ್ಕೆ ಹೆದರಿ ಇವತ್ತು ನಾಳೆ ಅನ್ನುತ್ತ ಆರು ವರ್ಷ ತಳ್ಳಿದೆ. ಕೊರಳಲ್ಲಿ ಬರೀ ಶಿವದಾರ. ಬೆಳಿಗ್ಗೆ ಪೂಜೆಯ ಹೊತ್ತಿಗೆ ಬಾಗಿಲು ಮುಂದೆ ಮಾಡಿಕೊಂಡು, ಹತ್ತು ನಿಮಿಷ ಮೊಬೈಲ್ ನೋಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬರುತ್ತಿದ್ದೆ. ನಾಚಿಕೆಗೇಡಿನ ನಾಟಕ.

ಅಷ್ಟೇ ಆಗಿದ್ದರೆ ನನ್ನ ಪಾಪ ನನಗೆ. ಆದರೆ ಅವ್ವನದೊಂದು ನೇಮವಿತ್ತು. ಲಿಂಗವಿಲ್ಲದವರ ಕೈಯಿಂದ ಆಕೆ ಹನಿ ನೀರು ಸಹ ಮುಟ್ಟುತ್ತಿರಲಿಲ್ಲ. ಸೊಂಟ ಹಿಡಿದ ಮೇಲಂತೂ ಆಕೆಗೆ ನೀರು, ರೊಟ್ಟಿ ಎಲ್ಲ ನನ್ನ ಕೈಯಿಂದಲೇ. ಆ ನೇಮ ತಪ್ಪೆಂದು ನಾನು ಆಕೆಯ ಎದುರು ನಿಂತು ಜಗಳ ಮಾಡಬಹುದಿತ್ತು. ಆಕೆಗೆ ಗೊತ್ತಾಗದಂತೆ ಮುರಿಸುವ ಹಕ್ಕು ನನಗಿರಲಿಲ್ಲ.

ಹೋದ ವರ್ಷ ಡಾಕ್ಟರು ಸೊಂಟದ ಸ್ಕ್ಯಾನ್ ಮಾಡಿಸಲು ಹೇಳಿದರು. ಬೆಳಗಿನ ಬಸ್ಸಿಗೆ ಜಹೀರಾಬಾದಿಗೆ ಹೋದೆವು. ಮೈಮೇಲೆ ಬೆಳ್ಳಿ, ಬಂಗಾರ ಏನೂ ಇರಬಾರದು ಎಂದಳು ನರ್ಸ್. ಅವ್ವನ ಲಿಂಗವಿದ್ದದ್ದು ಬೆಳ್ಳಿಯ ಕರಡಿಗೆಯಲ್ಲಿ. ಬಹಳ ಹೊತ್ತು ಕೊಸರಾಡಿ ಕೊನೆಗೆ ತಾನೇ ತೆಗೆದು ನನ್ನ ಕೊರಳಿಗೆ ಹಾಕಿದಳು.

“ಕಿಸೆದಾಗ ಇಡಬ್ಯಾಡ. ಎಲ್ಲ್ಯೂ ಕೆಳಗ ಇಡಬ್ಯಾಡ. ನಿನ್ನ ಲಿಂಗದ ಜೋಡಿ ಇರ್ಲಿ.”

ಆಕೆ ಒಳಗೆ ಹೋದಳು. ನಾನು ಕೂತೆ, ಎದ್ದೆ, ಗೋಡೆಯ ಮೇಲಿನ ತೆಲುಗು ಫಲಕವನ್ನು ನಾಲ್ಕು ಸಲ ಓದಿದೆ, ಒಂದಕ್ಷರವೂ ತಲೆಗೆ ಹೋಗಲಿಲ್ಲ. ಹೆಜ್ಜೆ ಇಟ್ಟಾಗೆಲ್ಲ ಕರಡಿಗೆ ಎದೆಗೆ ಬಡಿಯುತ್ತಿತ್ತು. ಕಾವಲುಗಾರ ರೇಗಿ, “ಬೈಠೋ ಮಿಯಾ,” ಎಂದ. ಕೂತು ಮತ್ತೆ ಎದ್ದೆ.

ಹೊರಬಂದ ಅವ್ವ ಲಿಂಗವನ್ನು ಕೊರಳಿಗೆ ಹಾಕಿಕೊಂಡು ನೀರು ಕೇಳಿದಳು. ಬಾಟಲಿ ಚಾಚಿದ ನನ್ನ ಕೈ ಅಲ್ಲೇ ನಿಂತಿತು.

“ಅವ್ವ, ನನ್ನ ಕೊರಳಾಗ ಲಿಂಗ ಇಲ್ಲ.”

“ಇವತ್ತ್ ಹಾಕ್ಕೊಂಡಿಲ್ಲೇನ?”

“ಹೊಳ್ಯಾಗ ಹೋಗ್ಯಾದ. ಆರ್ ವರ್ಷ ಆತು.”

ಆಕೆ ಬಾಟಲಿಯನ್ನು ನೋಡಿದಳು, ನನ್ನನ್ನು ನೋಡಿದಳು. ಬೈಯಲಿಲ್ಲ. ನೀರನ್ನೂ ಕುಡಿಯಲಿಲ್ಲ.

ನಿಜ ಹೇಳುತ್ತೇನೆ, ಆ ಗಳಿಗೆ ನನಗೆ ಆದ ಹಗುರ ಅಷ್ಟಿಷ್ಟಲ್ಲ. ಇಂಗ್ಲಿಷರು ಸುಮ್ಮನೆ ಹೇಳಿಲ್ಲ ಅನ್ನಿಸಿತು. ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿಯಿತು. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಮಿರ್ಚಿ ಬಜ್ಜಿ ತಿಂದು, ಚಹಾ ಕುಡಿದೆ. ಅವ್ವ ಕಲ್ಲುಬೆಂಚಿನ ಮೇಲೆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ. ನಮ್ಮ ಊರು ಹತ್ತಿರ ಬಂದಾಗಲೇ ಆಕೆಯ ತುಟಿ ಒಣಗಿದ್ದು ಕಂಡಿತು.

ಮನೆಗೆ ಬಂದವಳು ಸೀದಾ ಅಡುಗೆಮನೆಗೆ ಹೋದಳು. ಬೆಳಿಗ್ಗೆ ನಾನು ತುಂಬಿಟ್ಟಿದ್ದ ಕೊಡದ ನೀರನ್ನು ಚೆಲ್ಲಿ, ಒಂದು ಕೈ ಗೋಡೆಗೆ ಕೊಟ್ಟು, ಕೊಡವನ್ನು ನಲ್ಲಿಯ ಕೆಳಗೆ ದೂಡಿದಳು. ಅರ್ಧ ತುಂಬುವಷ್ಟರಲ್ಲಿ ನಲ್ಲಿ ನಿಲ್ಲಿಸಿದಳು. ಪೂರ್ತಿ ತುಂಬಿದರೆ ಆಕೆಗೆ ಎತ್ತಲಾಗುತ್ತಿರಲಿಲ್ಲ. ನಾನು ಕೈ ಹಚ್ಚಲು ಹೋದೆ. ಕೊಡವನ್ನು ತನ್ನ ಕಡೆ ಎಳೆದುಕೊಂಡಳು.

“ನಾಳಿ ಮಠಕ್ಕ ಹೋಗಿ ಲಿಂಗ ಕಟ್ಟಿಸ್ಕೊಂಡ್ ಬರ್ತೀನಿ, ಅವ್ವ.”

“ಹೋಗಿ ಬಾ. ನಿನಗ ಹೊಸಾದ್ ಸಿಗ್ತದ,” ಎಂದಳು. “ನನ್ನ ಆರ್ ವರ್ಷ ಎಲ್ಲಿಂದ ತರ್ತಿ?”